ಜಯಮ್ಮ ಕಾಲಿಡದ ಹಿತ್ತಲು

ಕೋವಿಡ್ ಗಲಾಟೆ ಮುಗಿದ ಮಾರನೆಯ ವರ್ಷದ ಮಾತು. ಆ ಹೊತ್ತಿಗೆ ಮೈಸೂರಿನಲ್ಲಿ ಲ್ಯಾಂಡ್‌ಸ್ಕೇಪ್ ಡಿಸೈನರ್ ಆಗಿ, ಎಂದರೆ ಮನೆ ಸುತ್ತಲಿನ ಖಾಲಿ ಜಾಗಕ್ಕೆ ರೂಪ ಕೊಡುವ ಕೆಲಸದಲ್ಲಿ, ನಾನು ಇಪ್ಪತ್ತು ವರ್ಷ ಕಳೆದಿದ್ದೆ. ವಿದ್ಯಾರಣ್ಯಪುರಂನ ನನ್ನ ಪುಟ್ಟ ಆಫೀಸಿಗೆ ಬರುವವರು ಸಾಮಾನ್ಯವಾಗಿ ಮೊಬೈಲಿನಲ್ಲಿ ಯಾವುದೋ ದೇಶದ ಹಿತ್ತಲಿನ ಫೋಟೊ ತೋರಿಸಿ "ಹಿಂಗೇ ಬೇಕು" ಎನ್ನುತ್ತಾರೆ. ಕುವೆಂಪುನಗರದ ರಾಜೇಶ್ವರಿ ಫೋಟೊ ತರಲಿಲ್ಲ. ಬ್ಯಾಂಕ್ ಕೆಲಸದಲ್ಲಿದ್ದ ಆಕೆ ಸ್ಕೂಟರ್ ಕೀ ಹಿಡಿದುಕೊಂಡೇ ಹೇಳಿದರು: "ನಮ್ಮತ್ತೆ ಮನೆಯಿಂದ ಆಚೆ ಬರ್ಬೇಕು ಮೇಡಮ್. ಅದೊಂದಾದ್ರೆ ಸಾಕು."

ಅತ್ತೆ ಜಯಮ್ಮನವರಿಗೆ ಮಂಡಿಯ ಆಪರೇಷನ್ ಆಗಿತ್ತು. ದಿನಾ ನಡೆದಾಡದಿದ್ದರೆ ಮಂಡಿ ಬಿಗಿದುಕೊಂಡುಬಿಡುತ್ತದೆ, ಆಮೇಲೆ ಸರಿಮಾಡುವುದು ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು. ಬೀದಿಗೆ ಕಳಿಸೋಣವೆಂದರೆ ಗಾಡಿಗಳ ಭಯ. ಉಳಿದದ್ದು ಹಿತ್ತಲು. ಅದೋ, ಹದಿನಾರು ಅಡಿ ಉದ್ದ, ಹತ್ತಡಿ ಅಗಲದ ಬೋಳು ಕಾಂಕ್ರೀಟು. ಮಧ್ಯಾಹ್ನ ಕಾಲಿಟ್ಟರೆ ಚುರುಗುಟ್ಟುತ್ತಿತ್ತು.

ಅಡಿಯಲ್ಲಿ ಪೈಪುಗಳಿದ್ದದ್ದರಿಂದ ಪೂರ್ತಿ ಒಡೆಸಲಿಲ್ಲ. ಕಾಂಪೌಂಡಿನ ಉದ್ದಕ್ಕೂ ಎರಡಡಿ ಅಗಲದ ಪಟ್ಟಿಯನ್ನಷ್ಟೇ ಕತ್ತರಿಸಿ ಕೆಮ್ಮಣ್ಣು, ಗೊಬ್ಬರ ತುಂಬಿಸಿದೆ. ಉಳಿದ ಕಡೆ ನೀರು ನಿಲ್ಲದಂತೆ ಇಳಿಜಾರು ಸರಿಪಡಿಸಿ, ಕಾಲು ಜಾರದ ಒರಟು ಕಲ್ಲು ಹಾಸಿದೆ. ಮೇಲೆ ಪರ್ಗೋಲಾ, ಅಂದರೆ ಬಳ್ಳಿ ಹಬ್ಬಿಸುವ ಚಪ್ಪರ; ಬಳ್ಳಿ ಹಬ್ಬುವವರೆಗೆ ನೆರಳಿಗೆ ಹಸಿರು ಬಲೆ. ಹಿಡಿದು ನಡೆಯಲು ಗೋಡೆಗೆ ಕಂಬಿ, ನೆರಳಲ್ಲಿ ಕಲ್ಲುಬೆಂಚು. ಇಲವಾಲದ ಕಡೆಯ ನರ್ಸರಿಯಿಂದ ಕನಕಾಂಬರ, ದೊಡ್ಡಪತ್ರೆ, ಶಂಖಪುಷ್ಪ ತಂದು ನೆಟ್ಟೆ. ಬಂದ ನೆಂಟರೆಲ್ಲ ಅಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ನಿಜ ಹೇಳುತ್ತೇನೆ, ನಾನು ಸ್ವಲ್ಪ ಬೀಗಿದ್ದೆ.

ಜಯಮ್ಮ ಮಾತ್ರ ಊರುಗೋಲು ಊರಿಕೊಂಡು ಅಡುಗೆಮನೆಯ ಬಾಗಿಲವರೆಗೆ ಬಂದು "ಬೋ ಚೆನ್ನಾಗೈತೆ" ಎಂದು ಹೇಳಿ ಒಳಗೆ ಹೋದರು. ಹದಿನೈದು ದಿನ ಬಿಟ್ಟು ರಾಜೇಶ್ವರಿ ಫೋನ್ ಮಾಡಿದರು. "ಒಂದು ದಿನಾನೂ ಹೊರಗೆ ಬಂದಿಲ್ಲ ಮೇಡಮ್. ನನ್ ಮೇಲೇ ಏನೋ ಕೋಪ ಅನ್ಸುತ್ತೆ." ಅವರ ದನಿ ಒಡೆದಿತ್ತು.

ನನಗೆ ಬೇಸರಕ್ಕಿಂತ ಕುತೂಹಲವೇ ಹೆಚ್ಚಾಯಿತು. ಹೋಗಿ ಮೆಟ್ಟಿಲು ಅಳೆದೆ, ಎತ್ತರವಿಲ್ಲ. ಬರಿಗಾಲಲ್ಲಿ ನಡೆದೆ, ಕಲ್ಲು ಸುಡುತ್ತಿಲ್ಲ. ಬೆಂಚಿನ ಮೇಲೆ ಕೂತೆ, ಎದ್ದೇಳಲು ಮನಸ್ಸಾಗದಷ್ಟು ತಂಪುಗಾಳಿ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಇವರ ವಿಷಯದಲ್ಲಿ ಅಕ್ಷರಶಃ ನಿಜವಾಯಿತೇ ಎಂದುಕೊಂಡು, ಕೊನೆಗೆ ಅಡುಗೆಮನೆಗೆ ಹೋಗಿ ಜಯಮ್ಮನವರನ್ನೇ ಕೇಳಿದೆ: "ಅಮ್ಮಾ, ನಿಜ ಹೇಳಿ, ಎಲ್ಲಿ ಎಡವಟ್ಟಾಗಿದೆ?"

ಸೊಸೆ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವರು ದನಿ ತಗ್ಗಿಸಿದರು. "ಏನೂ ಆಗಿಲ್ಲ ಕಣಮ್ಮ. ಬರಿಗೈಲಿ ಹಿತ್ಲಲ್ಲಿ ಕೂತ್ರೆ ಪಕ್ಕದ ಮಹಡಿಮನೆಯೋರು ಏನಂತಾರೆ? ಅತ್ತೆ ಸೊಸೆಗೆ ಜಗಳ ಆಗೈತೆ, ಮುದ್ಕಿ ಮುನಿಸ್ಕೊಂಡು ಆಚೆ ಕೂತವ್ಳೆ ಅಂತಾರೆ. ನನ್ ಸೊಸೆ ಚಿನ್ನದಂಥೋಳು. ಅವ್ಳಿಗ್ಯಾಕೆ ಕೆಟ್ಟ ಹೆಸ್ರು?"

ನಾನು ಬೆರಗಾದೆ. ನಮ್ಮ ಕಡೆ ಹರಟೆಗೆ ಕೂರುವುದು ಮುಂದಿನ ಜಗುಲಿಯಲ್ಲಿ. ಹಿತ್ತಲಿಗೆ ಹೋಗುವುದು ಪಾತ್ರೆಗೋ ಬಟ್ಟೆಗೋ. ಸುಮ್ಮನೆ ಹಿತ್ತಲಲ್ಲಿ ಕೂತ ಹೆಂಗಸು ಎಂದರೆ ಮುನಿಸು ಎಂದೇ ಲೆಕ್ಕ. ನನ್ನ ಸೋದರತ್ತೆಯೂ ಜಗಳವಾದ ದಿನ ಕೆನ್ನೆಗೆ ಕೈಕೊಟ್ಟು ಅಲ್ಲೇ ಕೂರುತ್ತಿದ್ದರು.

"ಏನಾದರೂ ಕೆಲಸ ಹಿಡಿದುಕೊಂಡು ಕೂರಬಹುದಲ್ಲ?" ಎಂದೆ.

"ಎಲ್ಲೈತೆ ಕೆಲ್ಸ? ಆಪ್ರೇಸನ್ ಆದಾಗ್ನಿಂದ ಪಾಪ, ಅವ್ಳು ಒಂದೂ ಮುಟ್ಟಕ್ ಬುಡಲ್ಲ. ಅವರೆಕಾಳನ್ನೂ ಬಿಡಿಸಿದ್ದೇ ತರ್ತಾಳೆ."

ತಿರುಗಿ ನೋಡಿದರೆ ಬಾಗಿಲಲ್ಲಿ ರಾಜೇಶ್ವರಿ! ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕಣ್ಣೊರೆಸಿಕೊಂಡು ಸ್ಕೂಟರ್ ಹತ್ತಿದರು. ಬರುವಾಗ ಒಂದು ದೊಡ್ಡ ಚೀಲದ ತುಂಬ ಸೊಗಡಿನ ಅವರೆಕಾಯಿ. "ಅತ್ತೆ, ಇಷ್ಟೊಂದು ನನ್ನೊಬ್ಬಳ ಕೈಲಾಗಲ್ಲ. ಬನ್ನಿ, ಆಚೆ ಕೂತ್ಕೊಂಡು ಬಿಡಿಸೋಣ."

ಜಯಮ್ಮ ಗೋಡೆಯ ಕಂಬಿ ಹಿಡಿದು ಹೊರಗೆ ಬಂದರು. ಕೂತವರೇ ಪಕ್ಕದ ಮಹಡಿಮನೆಯ ಕಿಟಕಿಯತ್ತ ತಲೆಯೆತ್ತಿ, "ಏನ್ರೀ, ಅವರೆಕಾಯಿ ಬೇಕೇನ್ರೀ?" ಎಂದು ಕೂಗಿದರು. ಆ ದನಿಯಲ್ಲಿ ಹೆಮ್ಮೆಯಿತ್ತು.

ಮುಂದಿನ ವಾರ ವಿನ್ಯಾಸ ಬದಲಿಸಿದೆ. ಇಬ್ಬರ ನಡುವೆ ಒಂದು ಮೊರ ಹಿಡಿಸುವಷ್ಟು ಬೆಂಚನ್ನು ಅಗಲಿಸಿದೆ, ಪಕ್ಕದಲ್ಲಿ ನಲ್ಲಿ ಹಾಕಿಸಿದೆ. ಹೂ ಕೀಳಲು ನಡೆದೇ ಹೋಗಬೇಕಾಗುವಂತೆ ಕನಕಾಂಬರವನ್ನು ಆ ತುದಿಗೆ ಸಾಗಿಸಿದೆ. ಅವರೆಯ ಕಾಲ ಮುಗಿಯುವಷ್ಟರಲ್ಲಿ ಜಯಮ್ಮ ಊರುಗೋಲು ಬಿಟ್ಟಿದ್ದರು.

ಜಾಗ ಚೆಂದವಾದರೆ ಜನ ತಾವಾಗಿಯೇ ಬರುತ್ತಾರೆ ಎಂದು ಓದುವಾಗ ಕಲಿತಿದ್ದೆ. ಕೂರಲು ನೆರಳಿನಷ್ಟೇ ಒಂದು ನೆಪವೂ ಬೇಕು ಎಂಬುದನ್ನು ಈ ಮನೆ ಕಲಿಸಿತು. ಈಗ ಯಾರ ಹಿತ್ತಲಿಗೆ ಹೋದರೂ ಟೇಪ್ ಬಿಚ್ಚುವ ಮೊದಲು, "ಇಲ್ಲಿ ಸುಮ್ಮನೆ ಕೂತರೆ ನೋಡಿದವರು ಏನನ್ನುತ್ತಾರೆ?" ಎಂದು ಕೇಳುತ್ತೇನೆ. ಗಂಡಸರು ನಗುತ್ತಾರೆ. ಹೆಂಗಸರು ಒಮ್ಮೆ ಅಕ್ಕಪಕ್ಕದ ಕಿಟಕಿಗಳನ್ನು ನೋಡಿ, ಆಮೇಲೆ ಉತ್ತರ ಹೇಳುತ್ತಾರೆ.