ಸ್ಟ್ರೆಚರಿನ ಮೇಲೆ ಅಳೆದ ದಾರಿ

ಊರವರು ಅವನನ್ನು ನಿಧಾನಣ್ಣ ಎಂದೇ ಕರೆಯುತ್ತಿದ್ದರು. ಆಂಬುಲೆನ್ಸ್ ಓಡಿಸುವವನಿಗೆ ಇದಕ್ಕಿಂತ ಕೆಟ್ಟ ಹೆಸರು ಸಿಗಲಿಕ್ಕಿಲ್ಲ. ಕರೆ ಬಂದರೆ ಅವನು ಎದ್ದುಬಿದ್ದು ಹೋಗುತ್ತಿದ್ದ. ರೋಗಿಯನ್ನು ಮಲಗಿಸಿಕೊಂಡ ಮೇಲೆ ಮಾತ್ರ ಹೊಂಡ ಹೊಂಡಕ್ಕೂ ಬ್ರೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೆನ್ನುಮೂಳೆ ಮುರಿದವನೊಬ್ಬನನ್ನು ಅವಸರದಲ್ಲಿ ಕುಲುಕಿಸಿಕೊಂಡು ತಂದಿದ್ದ. ಆ ಮನುಷ್ಯ ಮತ್ತೆ ನಡೆಯಲೇ ಇಲ್ಲ. ಇಪ್ಪತ್ತೆರಡು ವರ್ಷವಾದರೂ ಆ ಚೀರಾಟ ಇವನ ಕಿವಿ ಬಿಟ್ಟಿಲ್ಲ.

ಈಗ ಸೇತುವೆಯ ಬಳಿ ನಿಲ್ಲುವ ಅವನ ಗಾಡಿಗೇ ಕುತ್ತು ಬಂದಿತ್ತು. ಅನುದಾನ ಸಾಲದು, ಗಾಡಿ ಪಟ್ಟಣದ ಆಸ್ಪತ್ರೆಯಲ್ಲೇ ಇರಲಿ, ಕರೆದಾಗ ಹೋಗಲು ಇಪ್ಪತ್ತು ನಿಮಿಷ, ಬರಲು ಇಪ್ಪತ್ತು ಎಂದು ಯೋಜನಾಧಿಕಾರಿ ತಮ್ಮ ಕಾರಿನಲ್ಲಿ ಅಳೆದು ಬರೆದಿದ್ದರು. ಸಂಜೆಯೊಳಗೆ ಸಹಿ ಬಿದ್ದರೆ ಮುಗಿಯಿತು. ಕೊನೆಯ ತಪಾಸಣೆಗೆ ಬಂದ ಅವರೆದುರು ನಿಧಾನಣ್ಣ ಕೈಕಟ್ಟಿ ನಿಂತ.

"ಹೋಗೋಕೆ ಇಪ್ಪತ್ತು ಸರಿ ಸಾರ್. ಬರೋಕಲ್ಲ. ಒಂದ್ಸಲ ಆಸ್ಪತ್ರೆವರೆಗೆ ಮಲಗಿ ಬನ್ನಿ."

ಅಧಿಕಾರಿ ನಕ್ಕು ಸ್ಟ್ರೆಚರಿನ ಮೇಲೆ ಮಲಗಿದರು. ಗಾಡಿಯಲ್ಲಿ ಜೊತೆಗಿರುವ ನರ್ಸಕ್ಕ ಬೆಲ್ಟು ಬಿಗಿದು ಗಡಿಯಾರ ನೋಡಿಕೊಂಡಳು.

ನಿಧಾನಣ್ಣ ಕಾಗದದಲ್ಲಿ ಬರೆದ ಇಪ್ಪತ್ತು ನಿಮಿಷದ ವೇಗದಲ್ಲೇ ಹೊರಟ. ಮೊದಲೇ ನಿಧಾನ ಮಾಡಿದರೆ ಬೇಕೆಂದೇ ಎಳೆದ ಎನ್ನುತ್ತಾರೆ. ಹೀಗೇ ಓಡಿಸಿದರೆ ಇವರ ಬೆನ್ನಿಗೂ ಏನಾದರೂ ಆದರೆ? ಕಲ್ಲುಕೋರೆಯ ತಿರುವಿನಲ್ಲಿ ಗಾಡಿ ಎಗರಿತು. ಹಿಂದಿನಿಂದ ಮುಲುಕಾಟ ಕೇಳಿಸಿತು.

"ಸ್ವಲ್ಪ ನಿಧಾನ ಹೋಗ್ರೀ."

ಜೀವ ಬಂದಂತಾಗಿ ಅವನು ವೇಗ ತಗ್ಗಿಸಿದ. ಮುಂದೆ ಮತ್ತೆ ಅದೇ ಮಾತು, ಮತ್ತೆ ಅದೇ ಮಾತು. ಕೊನೆಗೆ ಗಾಡಿ ಎತ್ತಿನ ಬಂಡಿಯ ಹಾಗೆ ತೆವಳತೊಡಗಿತು.

"ಇನ್ನೂ ಎಷ್ಟು ದೂರ ಇದೆ?"

"ಬಂದೇ ಬಿಡ್ತು ಸಾರ್."

ಆಸ್ಪತ್ರೆಯ ಬಾಗಿಲಲ್ಲಿ ನರ್ಸಕ್ಕ ಹೇಳಿದಳು, "ನಲವತ್ತಮೂರು ನಿಮಿಷ."

ಅಧಿಕಾರಿ ಸೊಂಟ ಹಿಡಿದುಕೊಂಡು ಇಳಿದರು. ಮುಖ ಬಿಳಿಚಿತ್ತು. "ಅಲ್ರೀ, ಬಂದೇ ಬಿಡ್ತು ಅಂದ್ರಿ. ಆಮೇಲೂ ಅರ್ಧ ಗಂಟೆ ಹಿಡೀತಲ್ಲ."

"ಎಲ್ರಿಗೂ ಅದನ್ನೇ ಹೇಳೋದು ಸಾರ್. ಇಳಿದು ಹೀಗೆ ಕೇಳೋಕೆ ಎಲ್ರೂ ಉಳಿದಿರಲ್ಲ."

"ದುಡ್ಡು ಎಲ್ಲಿಂದ ತರ್ಲಿ ಹೇಳಿ," ಎಂದರು ಅಧಿಕಾರಿ. ನಿಧಾನಣ್ಣ ಸ್ಟ್ರೆಚರಿನ ಬೆಲ್ಟುಗಳನ್ನು ಮಡಿಸಿಡತೊಡಗಿದ.

ಅವರು ಬಾನೆಟ್ಟಿನ ಮೇಲೆ ಕಾಗದ ಬಿಡಿಸಿಟ್ಟರು. 'ಬರಲು ಇಪ್ಪತ್ತು' ಎಂಬುದನ್ನು ಹೊಡೆದುಹಾಕಿ ನಲವತ್ತಮೂರು ಎಂದು ಬರೆದರು. ಸಹಿ ಹಾಕಬೇಕಾದ ಜಾಗವನ್ನು ಖಾಲಿ ಬಿಟ್ಟು ಪೆನ್ನನ್ನು ಜೇಬಿಗಿಟ್ಟುಕೊಂಡರು.