ಆಟಗಳ ಒಟ್ಟು ಕುಟುಂಬ

ನಲವತ್ತು ದಾಟಿದ ಗಂಡಸು ಸಂಜೆ ಹೊತ್ತು ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾನೆ ಅನ್ನುವುದನ್ನು ಮೈಸೂರಿನ ಯಾದವಗಿರಿಯಂಥ ಗಂಭೀರ ಬಡಾವಣೆ ನಂಬುವುದಿಲ್ಲ. ನಮ್ಮ ಮನೆ ಮಾಲೀಕರ ಹೆಂಡತಿ ಕಿಟಕಿಯ ಬೆಳಕು ನೋಡಿ, 'ಪಾಪ, ಆಫೀಸ್ ಕೆಲಸ ಮನೆಗೂ ತರ್ತಾರೆ' ಎಂದು ಮರುಗುತ್ತಿದ್ದರು. ನಾನು ವಿಮಾ ಕಚೇರಿಯ ಗುಮಾಸ್ತ. ಆಫೀಸಿನ ಕೆಲಸವನ್ನು ಆಫೀಸಿನಲ್ಲೇ ಸರಿಯಾಗಿ ಮಾಡದವನು ಮನೆಗೆ ತರುತ್ತೇನೆಯೇ? ಆದರೂ ನಾನು ಅವರನ್ನು ತಿದ್ದಲು ಹೋಗಲಿಲ್ಲ.

ನಿಜ ಗೊತ್ತಿದ್ದವಳು ಹೆಂಡತಿ ಒಬ್ಬಳೇ. ನನ್ನ ಆಟಗಳು ಐದು ಆನ್‌ಲೈನ್ ಅಂಗಡಿಗಳಲ್ಲಿ ಹರಡಿದ್ದವು. ಅಂಗಡಿಗೊಂದು ಖಾತೆ, ಖಾತೆಗೊಂದು ಪಾಸ್‌ವರ್ಡ್. ಯಾವ ಆಟ ಎಲ್ಲಿದೆ ಎಂಬುದು ಮರೆತು ಒಂದೇ ಆಟವನ್ನು ಎರಡು ಅಂಗಡಿಗಳಲ್ಲಿ ಕೊಂಡ ದಿನ ಅವಳು ಅಂದಳು: 'ಒಂದೇ ಮನೇಲಿ ಐದು ಒಲೆ ಯಾಕ್ರೀ? ಎಲ್ಲಾನೂ ಒಂದ್ಕಡೆ ಸೇರ್ಸೋ ಲಾಂಚರ್ ಬಂದಿದ್ಯಂತಲ್ಲ, ಅದನ್ನ ಹಾಕ್ಕೊಳ್ಳಿ.' ಐದೂ ಖಾತೆಗಳನ್ನು ಅದಕ್ಕೆ ಜೋಡಿಸಿಬಿಟ್ಟರೆ ಎಲ್ಲ ಆಟಗಳೂ ಒಂದೇ ಪರದೆಯ ಮೇಲೆ ಸಾಲಾಗಿ ಕೂರುತ್ತವೆ. ಅದೂ ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನುವ ಜಾತಿಯವನು ನಾನು, ಆವತ್ತು ಮಾತ್ರ ದೊಡ್ಡ ಚಿಂತಕನಾದೆ.

ಒಂದು ಬೀಗದ ಕೈ ಕಳೆದರೆ ಐದು ಮನೆಗೂ ಕನ್ನ ಬೀಳುತ್ತದೆ ಎಂದೆ. ನಮ್ಮ ಮಾಹಿತಿಯನ್ನು ಯಾರು ಯಾರಿಗೆ ಮಾರುತ್ತಾರೋ ಎಂದೆ. ಲಾಂಚರ್ ಕಂಪನಿಯೇ ನಾಳೆ ಬಾಗಿಲು ಹಾಕಿದರೆ ಎಂದೆ. ಆ ಲಾಂಚರ್ ಐದೂ ಅಂಗಡಿಗಳಲ್ಲಿ ಆಡಿದ ಗಂಟೆಗಳನ್ನು ಕೂಡಿಸಿ ತೋರಿಸುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಬಿಡಿಬಿಡಿಯಾಗಿದ್ದರೆ ಹವ್ಯಾಸ, ಕೂಡಿಸಿದರೆ ಚಟ. ಅವಳು ಎಲ್ಲ ಕೇಳಿಸಿಕೊಂಡು, 'ನಿಮ್ಮ ಡೇಟಾ ಕದ್ದು ಯಾರು ಉದ್ಧಾರ ಆಗ್ಬೇಕ್ರೀ' ಎಂದು ಒಳಗೆ ಹೋದಳು.

ನಿಜವಾದ ಚಿಂತೆ ಬೇರೆಯೇ ಇತ್ತು. ಐದನೆಯ ಖಾತೆ ನನ್ನದೊಬ್ಬನದೇ ಆಗಿರಲಿಲ್ಲ.

ಲಷ್ಕರ್ ಮೊಹಲ್ಲಾದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಬೆಳೆದ ಗೆಳೆಯನೂ ನಾನೂ ಸೇರಿ ತೆರೆದ ಖಾತೆ ಅದು. ಅದರಲ್ಲಿ ನಗರ ಕಟ್ಟುವ ಆಟವೊಂದಿತ್ತು. ಒಂದು ಸಲಕ್ಕೆ ಒಬ್ಬರೇ ಆಡಬಹುದು. ಅವನು ಹೆಬ್ಬಾಳದ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯ ಕೆಲಸದವನು, ಮಧ್ಯಾಹ್ನ ಬಸ್ಸಿಳಿದು ಬಂದು ಆಡುತ್ತಿದ್ದ. ಸಂಜೆ ನನ್ನ ಸರದಿ. ಹೀಗೆ ವರ್ಷಗಟ್ಟಲೆ ಇಬ್ಬರೂ ಸೇರಿ ಒಂದು ಊರನ್ನೇ ಎಬ್ಬಿಸಿದೆವು. ಅದರ ನಡುಮಧ್ಯೆ ನಾನು ಕಮಾನುಗಳಿದ್ದ ಹಳೇ ಮಾದರಿಯ ಮಾರುಕಟ್ಟೆಯೊಂದನ್ನು ಮುದ್ದಾಗಿ ಕಟ್ಟಿದ್ದೆ. ಒಂದು ಸಂಜೆ ತೆರೆದು ನೋಡಿದರೆ ಮಾರುಕಟ್ಟೆ ಇಲ್ಲ, ಅಗಲವಾದ ರಸ್ತೆ ಇದೆ. ಫೋನ್ ಮಾಡಿದರೆ, 'ಟ್ರಾಫಿಕ್ ಜಾಸ್ತಿ ಆಗಿತ್ತು ಕಣೋ, ಒಡೆದ್ಬುಟ್ಟೆ' ಅಂದ. ನಿಜವಾದ ಮೈಸೂರಿನಲ್ಲಿ ಯಾವ ಕಟ್ಟಡ ಉರುಳಿದರೂ ಒಂದು ಮನವಿಗೂ ಸಹಿ ಹಾಕದ ನಾನು ಈ ಮಾರುಕಟ್ಟೆಗಾಗಿ ಅವನ ಜೊತೆ ಮಾತು ಬಿಟ್ಟೆ.

ಮಾತು ಬಿಟ್ಟೆವೇ ಹೊರತು ಸರದಿ ಬಿಡಲಿಲ್ಲ. ಅವನು ಆ ರಸ್ತೆಯ ಪಕ್ಕ ಮರ ನೆಟ್ಟ, ನಾನು ಕಿತ್ತೆ. ಮತ್ತೆ ನೆಟ್ಟ. ಆಫೀಸಿನಲ್ಲಿ ಊಟದ ಹೊತ್ತಿಗೆ ನಾನು ಮೊಬೈಲಿನಲ್ಲಿ ಖಾತೆ ತೆರೆದು ನೋಡುತ್ತಿದ್ದೆ. 'ಬೇರೊಂದು ಕಂಪ್ಯೂಟರಿನಲ್ಲಿ ಆಟ ನಡೆಯುತ್ತಿದೆ' ಎಂದಿದ್ದರೆ ಅವನು ಕ್ಷೇಮವಾಗಿ ಮನೆ ಸೇರಿದ್ದಾನೆ ಎಂದು ಅರ್ಥ. ಆಮೇಲೆ ಮೊಸರನ್ನ ರುಚಿಸುತ್ತಿತ್ತು. ಮೂರು ವರ್ಷದಿಂದ ನಮ್ಮಿಬ್ಬರ ನಡುವೆ ಉಳಿದಿದ್ದು ಇಷ್ಟೇ. ಲಾಂಚರ್‌ಗೆ ಜೋಡಿಸಿದರೆ ಆ ಖಾತೆ ಉಳಿದೆಲ್ಲ ಕಂಪ್ಯೂಟರುಗಳಲ್ಲಿ ಮುಚ್ಚಿಹೋಗುತ್ತದೆ, ಮತ್ತೆ ಓಟಿಪಿ ಹಾಕಿಯೇ ತೆರೆಯಬೇಕು ಎಂದು ಅದರ ನಿಯಮದಲ್ಲೇ ಬರೆದಿತ್ತು. ನಾನೇ ಬೇಕೆಂದು ಹೊರಗೆ ಹಾಕಿದೆ ಎಂದು ಅವನು ತಿಳಿದರೆ? ತಿರುಗಿ ಬರದೇ ಹೋದರೆ? ನನಗೆ ಹೆದರಿಕೆಯಾಗಿತ್ತು.

ಹೆಂಡತಿಯ ಕಾಟ ತಡೆಯಲಾರದೆ ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದು ಕೂತೆ. ಮೊದಲ ಖಾತೆಯೇ ಓಟಿಪಿ ಕೇಳಿತು. ಅದು ಹೋದದ್ದು ಅಮ್ಮನ ಫೋನಿಗೆ. ನಾನು ಆಫರ್ ಬಂದಾಗಲೆಲ್ಲ ಸಿಮ್ ಬದಲಿಸುವವನು. ಗ್ಯಾಸಿನಿಂದ ಗೇಮಿನವರೆಗೆ ನಮ್ಮ ಮನೆಯ ಎಲ್ಲದಕ್ಕೂ ಕೊಟ್ಟಿದ್ದು ಎಂದೂ ಬದಲಾಗದ ಅಮ್ಮನ ನಂಬರನ್ನೇ. ಫೋನ್ ಮಾಡಿ ಕೇಳಿದೆ.

'ಓಟಿಪಿ ಯಾರ್ಗೂ ಹೇಳ್ಬಾರ್ದು ಕಣಪ್ಪ.'

'ಅಮ್ಮಾ, ನಾನು ನಿನ್ ಮಗ.'

'ಅಂಗೇ ಅಂತಾರಂತೆ. ಧ್ವನೀನೂ ಅಂಗೇ ಇರ್ತದಂತೆ. ಎದುರ್ಗೆ ಬಂದು ಇಸ್ಕೊಂಡೋಗು.'

ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಲಷ್ಕರ್ ಮೊಹಲ್ಲಾದ ಅಮ್ಮನ ಮನೆಗೆ ಹೋದೆ. ಅಮ್ಮ ನನ್ನ ಮುಖವನ್ನು ಒಮ್ಮೆ ಪರೀಕ್ಷಿಸಿ, ಒಂದೊಂದೇ ಅಂಕಿ ಓದಿದಳು. ನಾಲ್ಕು ಖಾತೆ ಸೇರಿದವು. ಐದನೆಯದರ ಹೆಸರು ಒತ್ತಿದೆ. ಫೋನಿಗೆ ಬಂದ ಸಂದೇಶ ನೋಡಿ ಅಮ್ಮ, 'ಓ, ಇದು ಅವನ್ದಲ್ವಾ' ಅಂದಳು.

'ಯಾರ್ದು?'

'ಇನ್ಯಾರ್ದು. ಮೊದ್ಲಿನ ಪಕ್ಕದ್ಮನೆಯವನ್ದು. ಕಂಪ್ಯೂಟರ್ ಕೆಟ್ರೆ, ಬದಲಾಯ್ಸಿದ್ರೆ ಇಲ್ಗೇ ಬತ್ತಾನೆ ನಂಬರ್ ಇಸ್ಕೊಳಕ್ಕೆ. ಉಂಡ್ಕೊಂಡೇ ಹೋಯ್ತಾನೆ. ಅವನಿನ್ನೂ ಆಡ್ತಾನಾ ಅಂತ ನಿನ್ ವಿಷ್ಯಾನೂ ಕೇಳ್ತಾನೆ.'

ನನಗೆ ರೇಗಿಹೋಯಿತು. 'ಮೂರು ವರ್ಷದಲ್ಲಿ ನಂಗೊಂದ್ ಮಾತು ಹೇಳಕ್ಕೆ ಏನಾಗಿತ್ತು?'

'ಓಟಿಪಿ ವಿಷ್ಯ ಯಾರ್ಗೂ ಹೇಳ್ಬಾರ್ದು ಅಂದ್ಮೇಲೆ ಯಾರ್ಗ್ ಕೊಟ್ಟೆ ಅಂತ ಎಂಗ್ ಹೇಳ್ಲಿ?'

ಬಂದಿದ್ದ ಅಂಕಿಗಳನ್ನು ಹಾಕಿ ಒತ್ತಿಯೇಬಿಟ್ಟೆ. ಐದೂ ಅಂಗಡಿಗಳು ಒಂದಾದವು. ಲಾಂಚರ್ ನನಗೆ ಅಭಿನಂದನೆ ಹೇಳಿ, ಒಟ್ಟು ಗಂಟೆಗಳನ್ನು ಕೂಡಿಸಿ ತೋರಿಸಿತು. ಅದನ್ನು ನೋಡುವ ಮನಸ್ಸಿರಲಿಲ್ಲ. ಅವನು ಮಧ್ಯಾಹ್ನ ಆಡಲು ಕೂತಾಗ ಖಾತೆ ತೆರೆಯುವುದಿಲ್ಲ. ತೆರೆಯಬೇಕಾದರೆ ಇಲ್ಲಿಗೇ ಬರಬೇಕು. ಹಾಳಾಗಿ ಹೋಗಲಿ ಎಂದುಕೊಂಡರೆ ಬರುವುದಿಲ್ಲ. ಮನೆಗೆ ಫೋನ್ ಮಾಡಿ ಊಟಕ್ಕೆ ಕಾಯಬೇಡ ಎಂದೆ. ಅಮ್ಮ ಯಾರನ್ನೂ ಕೇಳದೆ ಸಾರಿಗೆ ಇನ್ನಷ್ಟು ನೀರು ಸುರಿದಳು.

ಊಟದ ಹೊತ್ತು ಮೀರಿತು. ಹಸಿವಿಲ್ಲ ಎಂದು ಸುಳ್ಳು ಹೇಳಿ ಕೂತಿದ್ದೆ. ಬಾಗಿಲಲ್ಲಿ ಹೆಲ್ಮೆಟ್ ಇಟ್ಟ ಸದ್ದಾಯಿತು. ಅವನೇ. ಕೂದಲು ನನಗಿಂತ ಹೆಚ್ಚೇ ಉದುರಿತ್ತು. ನನ್ನನ್ನು ನೋಡಿ ಹೊಸ್ತಿಲಲ್ಲೇ ನಿಂತ, ತಿರುಗಿ ಹೋಗಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು ಏನೋ ಒತ್ತಿದ. ಅಮ್ಮನ ಫೋನಿಗೆ ಓಟಿಪಿ ಬಂದ ಸದ್ದಾಯಿತು. ಅವಳು ಕೈ ಒದ್ದೆ ಎಂದು ಫೋನನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು.

ನಾನು ಆರು ಅಂಕಿಗಳನ್ನು ಓದಿದೆ. ಮೂರು ವರ್ಷದ ಮೇಲೆ ನಾನು ಅವನಿಗೆ ಆಡಿದ ಮೊದಲ ಮಾತು ಅದು. ನನಗೆ ಕಣ್ಣು ಮಂಜಾಗಿತ್ತು, ಆದರೂ ಅಂಕಿ ತಪ್ಪಿರಲಿಲ್ಲ, ಕೇಳಿಸದಷ್ಟು ಮೆಲ್ಲಗೂ ಓದಿರಲಿಲ್ಲ. ಅವನು ಒಂದು ಅಂಕಿಯನ್ನೂ ಒತ್ತದೆ ಮೊಬೈಲ್ ಹಿಡಿದುಕೊಂಡೇ ನಿಂತಿದ್ದ.

'ಇನ್ನೊಂದ್ಸಲ ಹೇಳೋ' ಅಂದ.