ಟೆಸ್ಟಿಂಗ್ ಕ್ಯಾಸೆಟ್ಟು

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ಯಾವುದೋ ಕಾಲದಲ್ಲಿ ರೆಕ್ಸಿನ್ ಹೊಲಿಯುವ ಮಿಷನ್ನಿನ ಸೂಜಿ ಬೆರಳಿನ ಮೇಲೆಯೇ ಇಳಿದು, ಮೂಳೆ ಮುಟ್ಟಿ ಮೇಲೆದ್ದಿತ್ತಂತೆ. ಆಮೇಲೆ ಎಷ್ಟು ಬೆಳೆದರೂ ಆ ಉಗುರು ಬೈತಲೆ ತೆಗೆದ ಹಾಗೇ ಬೆಳೆಯುತ್ತಿತ್ತು. ಆ ಹೆಬ್ಬೆರಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಹಾಡು ಶುರುವಾದರೆ ಸಾಕು, ಕೈಗೆ ಸಿಕ್ಕ ಸ್ಪಂಜಿನ ಮೇಲೆ ತಾಳ ಕುಟ್ಟುತ್ತಿತ್ತು. ಸ್ಪಂಜಿನ ಮೇಲೆ ಕುಟ್ಟಿದರೆ ಶಬ್ದವೇನೂ ಬರುವುದಿಲ್ಲ. ಎದುರು ಕೂತವರಿಗೆ ಬೆರಳು ಏಳುವುದು ಬೀಳುವುದು ಮಾತ್ರ ಕಾಣುತ್ತಿತ್ತು.

ಹುಣಸೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ ಅವರ ಕುಶನ್ ಅಂಗಡಿ. ಅದರ ಪಕ್ಕದ್ದು ನನ್ನ ಜೆರಾಕ್ಸ್ ಅಂಗಡಿ. ಎರಡಕ್ಕೂ ನಡುವೆ ಒಂದೇ ಗೋಡೆ, ಅದೂ ಒಂದಿಟ್ಟಿಗೆ ದಪ್ಪದ್ದು. ಊರೆಲ್ಲ ಅವರನ್ನು ಕುಶನ್ ಭಾಯ್ ಅನ್ನುತ್ತಿತ್ತು, ನಾನೂ ಭಾಯ್ ಅಂತಲೇ ಕರೆಯುತ್ತಿದ್ದೆ. ಅವರನ್ನು ನಾನು ಮೊದಲು ನೋಡಿದ್ದು ಲಂಗ ಹಾಕುತ್ತಿದ್ದ ಕಾಲದಲ್ಲಿ. ನಮ್ಮಪ್ಪ ಕಟ್ಟೆಮಳಲವಾಡಿಯವರು, ಹುಣಸೂರಿನಿಂದ ಎಚ್.ಡಿ. ಕೋಟೆಗೆ ಜನ ತುಂಬಿಕೊಂಡು ಜೀಪು ಓಡಿಸುತ್ತಿದ್ದರು. ಜೀಪಿನ ಸೀಟು ಹರಿದರೂ, ಟೇಪು ಕೆಟ್ಟರೂ ಭಾಯ್ ಅಂಗಡಿಗೇ ಬರುವುದು. ಸೀಟು ಹೊಲಿಯುವುದರ ಜೊತೆಗೆ ಗಾಡಿಗಳಿಗೆ ಡೆಕ್ಕು, ಸ್ಪೀಕರ್ ಕೂರಿಸುವ ಕೆಲಸವನ್ನೂ ಅವರೇ ಮಾಡುತ್ತಿದ್ದರು. ಹೊಗೆಸೊಪ್ಪಿನ ಹರಾಜು ಮುಗಿದು ಕೈಗೆ ಕಾಸು ಬರುವ ಹೊತ್ತಿಗೆ ಅವರ ಅಂಗಡಿಯ ಮುಂದೆ ಜೀಪು, ಆಟೋ, ಟೆಂಪೋಗಳು ಮದುವೆ ಮನೆಯ ಹಾಗೆ ಸಾಲುಗಟ್ಟುತ್ತಿದ್ದವು.

ಸ್ಪೀಕರ್ ಕೂರಿಸಿದ ಮೇಲೆ ಗಾಡಿಯನ್ನು ಹಾಗೇ ಬಿಟ್ಟುಕೊಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಗಲ್ಲಾಪೆಟ್ಟಿಗೆಯಿಂದ ಒಂದು ಕ್ಯಾಸೆಟ್ಟು ತೆಗೆದು ಹಾಕಿ, ಗಾಡಿಯವನನ್ನು ಹಿಂದೆ ಕೂರಿಸಿ, ತಾವು ಮುಂದೆ ಕೂತು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಇಂಗ್ಲಿಷ್ ಹಾಡುಗಳು. ಮೊದಲನೆಯದರಲ್ಲಿ ಗಿಟಾರು ಎಡಗಿವಿಯಿಂದ ಬಲಗಿವಿಗೆ ಓಡಬೇಕು, ಓಡದಿದ್ದರೆ ವಯರು ಅದಲುಬದಲಾಗಿದೆ ಎಂದು ಅರ್ಥ. ಎರಡನೆಯದರಲ್ಲಿ ಡ್ರಮ್ಮಿನ ಏಟು ಬಿದ್ದಾಗ ಬಾಗಿಲ ತಗಡು ನಡುಗಬಾರದು. ಇಷ್ಟು ಗೊತ್ತಾದ ಮೇಲೂ ಬಿಡುತ್ತಿರಲಿಲ್ಲ. ಕ್ಯಾಸೆಟ್ಟು ತಿರುಗಿಸಿ ಹಾಕಿ ಎರಡೂ ಕಡೆ ಮುಗಿಯಬೇಕು, ಆಮೇಲೆ ಗಾಡಿ ಹೊರಡಬೇಕು. ಹೊಸ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟ ಹಾಗೆ ಇದೂ ಒಂದು ಶಾಸ್ತ್ರವೆಂದು ಡ್ರೈವರುಗಳು ಒಪ್ಪಿಕೊಂಡುಬಿಟ್ಟಿದ್ದರು. ಕೋಟೆ ರಸ್ತೆಯಲ್ಲಿ ಓಡುತ್ತಿದ್ದ ಎಷ್ಟೋ ಜೀಪುಗಳು ಬಾಯಿಬಿಟ್ಟು ಮೊದಲು ಹಾಡಿದ್ದು ಆ ಹಾಡನ್ನೇ. ಹಾಗಂತ ಅದು ಹಾಡು ಎಂದು ಯಾರಿಗೂ ಅನ್ನಿಸಿರಲಿಲ್ಲ.

"ಅದು ಆಡೇ ಅಲ್ಲ ಕಣವ್ವ," ಎಂದು ಅಪ್ಪ ನನಗೆ ತಿಳಿಸಿಕೊಟ್ಟಿದ್ದರು. "ಸ್ಪೀಕರ್ ಕಂಪನಿಯೋರು ಟೆಸ್ಟಿಂಗ್‌ಗೆ ಅಂತ್ಲೇ ಮಾಡಿರದು. ಅದ್ಕೇ ಅಂಗ್ ಕಿರುಚ್ಕತಾರೆ."

ಊರಿನ ತುಂಬ ಅದಕ್ಕೆ ಟೆಸ್ಟಿಂಗ್ ಕ್ಯಾಸೆಟ್ಟು ಎಂದೇ ಹೆಸರಾಯಿತು. ಭಾಯ್ ಯಾರನ್ನೂ ತಿದ್ದಲು ಹೋಗಲಿಲ್ಲ. ಹಾಡು ಅಂದರೆ ಎದ್ದು ಹೋಗುತ್ತಾರೆ, ಟೆಸ್ಟಿಂಗ್ ಅಂದರೆ ಕೂತು ಕೇಳುತ್ತಾರೆ ಎಂಬ ಲೆಕ್ಕ ಅವರದು.

ಅದು ಅವರಿಗೆ ಸಿಕ್ಕಿದ್ದು ಕೊಡಗಿನ ಕಡೆಯ ಒಬ್ಬ ಯುವಕನಿಂದ. ಸೀಟು ಹೊಲಿಸಲು ಜೀಪು ಬಿಟ್ಟು ಹೋಗಿದ್ದ, ಡೆಕ್ಕಿನೊಳಗೆ ಕ್ಯಾಸೆಟ್ಟು ಇತ್ತು. ಭಾಯ್ ಸುಮ್ಮನೆ ಗುಂಡಿ ಒತ್ತಿದರು. ಒಂದು ಹಾಡು ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟಿದ್ದರಂತೆ. ಸಂಜೆ ಬಂದ ಯುವಕನನ್ನು ಬೇಡಿಕೊಂಡು, ಬಸ್ ನಿಲ್ದಾಣದ ಹತ್ತಿರದ ರೆಕಾರ್ಡಿಂಗ್ ಅಂಗಡಿಯಲ್ಲಿ ಅದನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡರು. ಯುವಕ ಮತ್ತೆ ಈ ಕಡೆ ಬರಲಿಲ್ಲ. ಅವನ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕೂದಲು ಬಿಟ್ಟ ನಾಲ್ಕು ಜನ ಬೆಟ್ಟಕ್ಕೆ ಬೆನ್ನು ಮಾಡಿ ನಿಂತಿದ್ದರು ಎನ್ನುವುದು ಭಾಯ್‌ಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಹೆಸರು ಮಾತ್ರ ಮರೆತಿದ್ದರು.

ಆ ಕ್ಯಾಸೆಟ್ಟಿನ ಕೊನೆಯ ಹಾಡಿನ ವಿಷಯ ಹೇಳಲೇಬೇಕು. ಅದರಲ್ಲಿ ಹಾಡುವವನು ಸ್ವಲ್ಪ ಹೊತ್ತು ಹಾಡಿ ಸುಮ್ಮನಾಗುತ್ತಾನೆ. ಆಮೇಲೆ ಗಿಟಾರು ಒಂದೇ ಏರುತ್ತಾ ಏರುತ್ತಾ ಹೋಗಿ, ಇನ್ನೇನು ತುದಿ ಮುಟ್ಟಿತು ಅನ್ನುವಷ್ಟರಲ್ಲಿ ಟಕ್ ಎಂದು ನಿಂತುಬಿಡುತ್ತಿತ್ತು. ಭಾಯ್‌ನ ಹೆಬ್ಬೆರಳು ಅದಕ್ಕೆ ಒಂದು ಕ್ಷಣ ಮೊದಲೇ ಗಾಳಿಯಲ್ಲಿ ನಿಂತಿರುತ್ತಿತ್ತು.

"ನೋಡಮ್ಮ, ಎಲ್ಲಿ ನಿಲ್ಲಿಸ್ದ! ದೊಡ್ಡ ಕೆಲಸಗಾರ ಕಣಮ್ಮ ಇವ್ನು. ಇನ್ನೂ ಬೇಕು ಅನ್ನೋವಾಗ ಕೈ ಎತ್ಬೇಕು. ಬಸ್, ಅಷ್ಟೇ."

ಇದು ಅವರಿಗೆ ಬರೀ ಹಾಡಿನ ಮಾತಾಗಿರಲಿಲ್ಲ. ಜಗಳ ಕಾವೇರಿದಾಗ ಅರ್ಧದಲ್ಲಿ ಎದ್ದು ಹೋಗುತ್ತಿದ್ದರು. ನಾನು ಕೊಟ್ಟ ಒಬ್ಬಟ್ಟನ್ನು ಇನ್ನೊಂದು ತಿನ್ನುವ ಆಸೆ ಇರುವಾಗಲೇ ಮುಚ್ಚಿಡುತ್ತಿದ್ದರು. ನನಗಂತೂ ಆ ಹಾಡುಗಳು ಎಂದೂ ಹಿಡಿಸಲಿಲ್ಲ. ಮದುವೆಯಾಗಿ ಬಂದು ಈ ಅಂಗಡಿ ಹಾಕಿದ ಮೇಲೆ ಎಷ್ಟು ಸಲ ಗೋಡೆ ಬಡಿದು ಬೈದಿದ್ದೇನೋ! ಆದರೆ ಅಪ್ಪ ತೀರಿಹೋಗಿ ತಿಥಿ ಮುಗಿಸಿಕೊಂಡು ನಾನು ಅಂಗಡಿ ಬಾಗಿಲು ತೆಗೆದ ದಿನ, ಭಾಯ್ ಆ ಮೊದಲನೆಯ ಹಾಡನ್ನು ಮೆಲ್ಲಗೆ ಹಾಕಿದರು. ಜೀಪಿನ ಹಿಂದಿನ ಸೀಟಿನಲ್ಲಿ ಅಪ್ಪ ಕೂತು, ಬೀಡಿ ಹಚ್ಚಲೂ ಆಗದೆ ಚಡಪಡಿಸುತ್ತಿದ್ದದ್ದು ಕಣ್ಣ ಮುಂದೆ ಬಂತು. ಅವತ್ತು ನಾನು ಗೋಡೆ ಬಡಿಯಲಿಲ್ಲ.

ಕಾಲ ಯಾರನ್ನೂ ಕಾಯಲಿಲ್ಲ. ಕಾರುಗಳು ಕಂಪನಿಯಿಂದಲೇ ಸ್ಪೀಕರ್ ಕೂರಿಸಿಕೊಂಡು ಬರತೊಡಗಿದವು. ಬರುವ ಒಬ್ಬಿಬ್ಬರು ಹುಡುಗರೂ, "ಅದ್ ಬ್ಯಾಡ ಬುಡಿ ಭಾಯ್, ನನ್ ಮೊಬೈಲ್ ಕನೆಕ್ಟ್ ಮಾಡಿ," ಎನ್ನುವರು. ಅವರ ಹಾಡಿಗೆ ನನ್ನ ಅಂಗಡಿಯ ಗಾಜಿನ ಬಾಗಿಲು ಗಡಗಡ ನಡುಗುವುದು. ಭಾಯ್ ಹೊರಗೆ ಬಂದು ನಿಲ್ಲುತ್ತಿದ್ದರು. ಕ್ಯಾಸೆಟ್ಟು ಹಾಕುವ ಡೆಕ್ಕು ಯಾವ ಗಾಡಿಯಲ್ಲೂ ಇಲ್ಲವಾದ ಮೇಲೆ ಒಂದು ಹಳೇ ಡೆಕ್ಕನ್ನು ಅಂಗಡಿಯಲ್ಲೇ ಮೊಳೆ ಹೊಡೆದು ಕೂರಿಸಿ, ಒಬ್ಬರೇ ಕೇಳತೊಡಗಿದರು.

ಒಂದು ದಿನ ಕಾಲೇಜಿನ ಹುಡುಗನೊಬ್ಬ ನನ್ನಲ್ಲಿಗೆ ಜೆರಾಕ್ಸ್ ಮಾಡಿಸಲು ಬಂದ. ಅವನ ಟೀ ಶರ್ಟಿನ ಮೇಲೆ ಕೂದಲು ಬಿಟ್ಟ ನಾಲ್ಕು ಜನ, ಹಿಂದೆ ಬೆಟ್ಟ. ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಭಾಯ್ ಅದನ್ನು ನೋಡಿದ್ದೇ ಹುಡುಗನ ಹೆಗಲು ಹಿಡಿದುಕೊಂಡರು.

"ಅರೆ! ಇವ್ರೇ ಕಣಮ್ಮ, ಇವ್ರೇ! ನೀನು ಕೇಳ್ತೀಯೇನಪ್ಪ ಇವ್ರ ಹಾಡು?"

ಹುಡುಗ ತನ್ನ ಎದೆಯನ್ನು ತಾನೇ ಬಗ್ಗಿ ನೋಡಿಕೊಂಡ. "ಯಾರ್ ಅಂಕಲ್ ಇವ್ರು? ಇದು ಡಿಸೈನ್ ಅಂತ ತಗೊಂಡಿದ್ದು. ಸಂತೇಲಿ ಗುಡ್ಡೆ ಹಾಕಿದ್ರು."

ಭಾಯ್ ಬಿಡಲಿಲ್ಲ. ಅವನನ್ನು ಕರೆದುಕೊಂಡು ಹೋಗಿ, ಹೊಸದಾಗಿ ಹೊಲಿದ ಸೀಟಿನ ಮೇಲೆ ಮದುಮಗನ ಹಾಗೆ ಕೂರಿಸಿ, ಕ್ಯಾಸೆಟ್ಟು ಹಾಕಿದರು. ಹುಡುಗ ಒಳ್ಳೆಯವನೇ. ಅರ್ಧ ಹಾಡು ಕೇಳಿ, ಕೈ ಗಡಿಯಾರ ನೋಡಿ, "ಚೆನ್ನಾಗದೆ ಅಂಕಲ್, ಪಿರಿಯಾಪಟ್ಟಣದ ಬಸ್ಸು ಹೊರಟೋಯ್ತದೆ," ಎಂದು ಎದ್ದು ಹೋದ. ಭಾಯ್ ಲೋಟ ವಾಪಸು ಕೊಡಲು ಬಂದಾಗ ನಗುತ್ತಲೇ ಇದ್ದರು, ಆದರೆ ಆ ನಗು ನನಗೆ ನೋಡಲಾಗಲಿಲ್ಲ.

"ಅಂಗಿ ಮೇಲಾದ್ರೂ ಉಳ್ಕೊಂಡವ್ರೆ ಬುಡಮ್ಮ," ಎಂದರು.

ಅದಾದ ಮೇಲೆ ಅವರ ಹೆಂಡತಿ ಹೋದರು. ಮಧ್ಯಾಹ್ನಕ್ಕೆ ಏನು ಮಾಡಲಿ ಎಂದು ಕೇಳುತ್ತಿದ್ದವರು ಮಾತಿನ ನಡುವೆಯೇ ಕುಸಿದರು, ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಏನು ಹೇಳಿ ಸಮಾಧಾನ ಮಾಡುವುದು ಎಂದು ನಾನು ಒದ್ದಾಡುತ್ತಿದ್ದರೆ, ಭಾಯ್ ತಮಗೆ ತಾವೇ ಒಂದು ಸಮಾಧಾನ ಹುಡುಕಿಕೊಂಡಿದ್ದರು.

"ನಮ್ಮ ಹಾಡಿನ ಥರಾನೇ ಹೋದ್ಲು ಕಣಮ್ಮ. ಮಾತು ಮೇಲೇರ್ತಾ ಇತ್ತು, ಟಕ್ ಅಂತ ನಿಲ್ಲಿಸಿಬಿಟ್ಲು. ಅವಳ್ದು ಅಷ್ಟೇ ಇತ್ತು, ಪೂರ್ತಿ ಆಗಿತ್ತು. ಅರ್ಧ ಅಂತ ಅಳಬಾರದು."

ದಿನವೂ ಕೊನೆಯ ಹಾಡು ಹಾಕುವರು, ಟಕ್ ಎಂದು ನಿಂತ ಮೇಲೆ ಒಂದು ಗಳಿಗೆ ಹಾಗೇ ಕೂರುವರು, ಆಮೇಲೆ ಮಿಷನ್ನು ತುಳಿಯುವರು. ಗೋಡೆಯ ಈಚೆ ನಾನೂ ಆ ಮಿಷನ್ನಿನ ಶಬ್ದ ಬರುವ ತನಕ ಕಾಯುತ್ತಿದ್ದೆ. ಅದು ಬಂದರೆ ಅವತ್ತಿನ ದಿನವನ್ನು ಅವರು ದಾಟಿದರು ಎಂದು ಲೆಕ್ಕ.

ಮೈಸೂರಿನಲ್ಲಿ ಓದುತ್ತಿದ್ದ ಅವರ ಮೊಮ್ಮಗಳು, ಮಗಳ ಮಗಳು, ಆಗ ಭಾನುವಾರಗಳಲ್ಲಿ ಬಂದು ಹೋಗತೊಡಗಿದಳು. ಅಜ್ಜನನ್ನು ನಾನಾ ಎಂದು ಕರೆಯುವ, ಬಾಯ್ತುಂಬ ನಗುವ ಹುಡುಗಿ. ಈ ಕ್ಯಾಸೆಟ್ಟನ್ನು ಅವಳಾದರೂ ಒಂದು ಸಲ ಪೂರ್ತಿ ಕೇಳಲಿ ಎಂಬುದು ಭಾಯ್‌ಗೆ ಎಷ್ಟೋ ದಿನದ ಆಸೆ. ಅವಳು ಕಿವಿಗೆ ಏನೋ ಸಿಕ್ಕಿಸಿಕೊಂಡು ತನ್ನ ಹಾಡು ತಾನು ಕೇಳುವವಳು. ಒಂದು ಭಾನುವಾರ ಮಾತ್ರ ಅವಳೇ ತನ್ನ ಫೋನನ್ನು ಡೆಕ್ಕಿನ ಸ್ಪೀಕರಿಗೆ ಹಿಡಿದಳು. ಇದು ಯಾವ ಹಾಡು ಎಂದು ಫೋನೇ ಹೇಳಿಬಿಟ್ಟಿತು. ಹೆಸರು, ಹೊದಿಕೆಯ ಚಿತ್ರ, ಆ ನಾಲ್ಕು ಜನ, ಬೆಟ್ಟ, ಎಲ್ಲ ಬಂತು. ಭಾಯ್ ನನ್ನನ್ನೂ ಕೂಗಿ ಕರೆದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

"ಕೂತ್ಕೊ ಬಾಮ್ಮ, ನನ್ ಮೊಮ್ಮಗಳು ಪೂರ್ತಿ ಕೇಳ್ತಾಳಂತೆ. ನಾನು ಹೇಳ್ಲಿಲ್ಲ, ಅವಳೇ ಅಂದ್ಲು!"

ಅವಳು ಫೋನಿನಲ್ಲೇ ಮೊದಲಿನಿಂದ ಹಾಕಿದಳು, ಮೂವರೂ ಕೂತೆವು. ಹಾಡುಗಳು ಒಂದೊಂದಾಗಿ ಹೋದವು, ಹುಡುಗಿ ತಾಳ್ಮೆಯಿಂದ ಕೇಳಿದಳು. ಕೊನೆಯದು ಬಂತು. ಗಿಟಾರು ಏರಿತು. ಭಾಯ್‌ನ ಹೆಬ್ಬೆರಳು ಗಾಳಿಯಲ್ಲಿ ನಿಂತಿತು. ಹಾಡು ನಿಲ್ಲಲಿಲ್ಲ. ಗಿಟಾರು ತುದಿ ಮುಟ್ಟಿ ಇಳಿಯಿತು, ಸುಮ್ಮನಾಗಿದ್ದವನು ಮತ್ತೆ ಬಂದು ಹಾಡಿದ, ಇನ್ನೂ ಯಾರ್ಯಾರೋ ದನಿಗೂಡಿಸಿದರು, ಬಹಳ ಹೊತ್ತಾದ ಮೇಲೆ ಮೆಲ್ಲಮೆಲ್ಲನೆ ಕರಗಿ ಮುಗಿಯಿತು. ಹೆಬ್ಬೆರಳು ಇನ್ನೂ ಮೇಲೆಯೇ ಇತ್ತು.

"ಇದು ಅದಲ್ಲ," ಎಂದರು ಭಾಯ್.

"ಇದೇ ನಾನಾ. ನಿಮ್ಮ ಕ್ಯಾಸೆಟ್ ಚಿಕ್ಕದು. ಹಾಡು ಮುಗಿಯೋಕೆ ಮೊದಲೇ ಟೇಪ್ ಮುಗಿದೋಗಿದೆ, ಅಷ್ಟೇ," ಎಂದಳು ಹುಡುಗಿ. ಏನೋ ಒಂದು ಒಳ್ಳೆಯ ಸುದ್ದಿ ಹೇಳಿದವಳ ಹಾಗೆ ಹೇಳಿದಳು, ಪಾಪ. ರೆಕಾರ್ಡಿಂಗ್ ಅಂಗಡಿಯವನು ತನ್ನಲ್ಲಿದ್ದ ಖಾಲಿ ಕ್ಯಾಸೆಟ್ಟಿಗೆ ಹಿಡಿದಷ್ಟು ತುಂಬಿಸಿ ಕೊಟ್ಟಿದ್ದ. ಯಾರೂ ಎಲ್ಲೂ ಕೈ ಎತ್ತಿರಲಿಲ್ಲ.

ಭಾಯ್ ಎತ್ತಿದ ಬೆರಳನ್ನು ಮೆಲ್ಲಗೆ ಸ್ಪಂಜಿನ ಮೇಲೆ ಇಳಿಸಿದರು. ಆಮೇಲೆ ಮೊಮ್ಮಗಳಿಗಲ್ಲ, ನನಗೆ ಹೇಳಿದರು: "ಹಂಗಾದ್ರೆ ಅವಳ್ದೂ ಇನ್ನೂ ಇತ್ತು ಕಣಮ್ಮ."

ಯಾರ ಮಾತು ಎಂದು ಹುಡುಗಿಗೆ ತಕ್ಷಣ ಹೊಳೆಯಲಿಲ್ಲ. ಅಜ್ಜಿಯ ಮಾತೆಂದು ಹೊಳೆದ ಮೇಲೆ ಫೋನನ್ನು ಮಗುಚಿ ಮಡಿಲಲ್ಲಿಟ್ಟುಕೊಂಡಳು.

ಮಾರನೆಯ ದಿನದಿಂದ ಗೋಡೆಯಾಚೆ ಹಾಡು ಬರಲಿಲ್ಲ. ಹಾಕಿ ಭಾಯ್ ಎಂದು ನಾನೇ ಕೇಳಿಕೊಂಡೆ. ಬೇಡುವಷ್ಟೂ ಬೇಡಿದೆ. "ಗೊತ್ತಾದ್ಮೇಲೆ ಕೇಳಕ್ಕಾಗಲ್ಲಮ್ಮ," ಎಂದರು. ಕೆಲಸ ಮಾತ್ರ ನಡೆಯುತ್ತಿತ್ತು. ಮಿಷನ್ನು ತುಳಿಯುವ ಶಬ್ದದಲ್ಲಿ ಮೊದಲಿನ ಹುರುಪು ಇರಲಿಲ್ಲ, ಕೆಮ್ಮು ಹೆಚ್ಚಾಗಿತ್ತು. ಒಂದು ದಿನ ಊಟದ ನಡುವೆ ಇದ್ದಕ್ಕಿದ್ದಂತೆ, "ಅವಳು ಏನ್ ಮಾಡ್ಲಿ ಅಂತ ಕೇಳಿದ್ಲು. ನಾನು ಉತ್ರಾನೇ ಕೊಡ್ಲಿಲ್ಲ," ಎಂದರು.  

ಹೊಗೆಸೊಪ್ಪಿನ ಹರಾಜು ಶುರುವಾಗುವ ಮೊದಲೇ ಅವರು ಹೋದರು, ಉಸಿರಾಟದ ಕಾಯಿಲೆ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಟ್ಟಿರಲಿಲ್ಲ. ಕೊನೆಗೆ ಒಪ್ಪಿಕೊಂಡಿದ್ದ ಆಟೋದ ಸೀಟನ್ನು ಮುಗಿಸಿ, ದಾರದ ತುದಿಯನ್ನು ಎರಡು ಗಂಟು ಹಾಕಿ ಕೊಟ್ಟೇ ಆಸ್ಪತ್ರೆಗೆ ಹೊರಟಿದ್ದರು. ಮೊದಲಾದರೆ ಇನ್ನೊಂದು ಹೊಲಿಗೆ ಬಾಕಿ ಇದೆ ಎನ್ನುವಾಗ ಎದ್ದು ಚಹಾ ಕುಡಿಯಲು ಬರುತ್ತಿದ್ದ ಮನುಷ್ಯ.

ಅಂಗಡಿ ಖಾಲಿ ಮಾಡಲು ಮೊಮ್ಮಗಳೂ ಬಂದಿದ್ದಳು. ಮಿಷನ್ನು ಆಗಲೇ ಯಾರಿಗೋ ಕೊಟ್ಟಾಗಿತ್ತು. ಕ್ಯಾಸೆಟ್ಟಿನೊಳಗಿನ ಟೇಪು ಡೆಕ್ಕಿಗೆ ಸಿಕ್ಕಿ ಸುಕ್ಕುಸುಕ್ಕಾಗಿ ಹೊರಗೆ ಬಂದಿತ್ತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಅವಳು ನನ್ನನ್ನು ಕರೆದಳು.

"ಆಂಟಿ, ನಾನಾನ ಕ್ಯಾಸೆಟ್ಟಲ್ಲಿ ಹಾಡು ಎಲ್ಲಿಗೆ ನಿಲ್ತಿತ್ತು ಅಂತ ನಿಮಗೆ ಗೊತ್ತಲ್ವಾ?"

ಉಳಿದಿದ್ದ ಸ್ಪಂಜಿನ ಮೇಲೆ ಇಬ್ಬರೂ ಕೂತೆವು. ಅವಳು ಫೋನಿನಲ್ಲಿ ಕೊನೆಯ ಹಾಡು ಹಾಕಿದಳು. ಒಂದು ದಿನವೂ ಮೆಚ್ಚದೆ, ವರ್ಷಗಟ್ಟಲೆ ಗೋಡೆಯ ಈಚೆಯಿಂದ ಕೇಳಿದ ಹಾಡು. ಗಿಟಾರು ಏರಿತು. ನನ್ನ ಮೈಯೇ ಮೊದಲು ನಿಂತಿತು.

"ಇಲ್ಲಿ," ಎಂದೆ.

ಅವಳು ಫೋನಿನಲ್ಲೇ ಅಲ್ಲಿಂದ ಮುಂದಿನದನ್ನು ಕತ್ತರಿಸಿ ಹಾಕಿದಳು.

"ನಿಂಗೆ ಇಷ್ಟ ಆಯ್ತಾ ಮಗಾ ಈ ಹಾಡು?"

"ಇಲ್ಲ ಆಂಟಿ. ಸುಳ್ಳು ಯಾಕೆ ಹೇಳ್ಲಿ. ಅವತ್ತೂ ಇಷ್ಟ ಆಗಿರಲಿಲ್ಲ, ನಾನಾ ಖುಷಿಯಾಗ್ಲಿ ಅಂತ ಕೂತಿದ್ದೆ." ಫೋನಿನ ಮೇಲಿಂದ ಕಣ್ಣೆತ್ತಲಿಲ್ಲ. "ಪೂರ್ತಿ ಹಾಕಬಾರದಿತ್ತು ನಾನು."

ಸರಿಯಾಗಿ ನಿಲ್ಲುತ್ತದೋ ಇಲ್ಲವೋ ನೋಡಲು ಅವಳು ಮತ್ತೆ ಮೊದಲಿನಿಂದ ಹಾಕಿದಳು. ಗೋಡೆಯಾಚೆ ನನ್ನ ಅಂಗಡಿಯಲ್ಲಿ ಯಾರೋ ಬಂದು, "ಅಕ್ಕಾ, ಜೆರಾಕ್ಸ್!" ಎಂದು ಕೂಗುತ್ತಿದ್ದರು. ನಾನು ಏಳಲಿಲ್ಲ. ಹಾಡು ಅಲ್ಲಿಗೇ ಟಕ್ ಎಂದು ನಿಂತಿತು. ನಾವಿಬ್ಬರೂ ಮಿಷನ್ನಿನ ಶಬ್ದಕ್ಕೆ ಕಾಯುತ್ತ ಹಾಗೇ ಕೂತಿದ್ದೆವು.